ಎರಡು ರನ್ ಒಂದಾಗುವ ಹೊತ್ತು

(ಧಾರವಾಡದಲ್ಲಿ ಒಂದು ಭಾನುವಾರ ಸಂಜೆ ಗೆಳೆಯರ ಬಳಗದ ಮುಂದೆ ಆಡಿದ ಮಾತುಗಳ ಬರಹ ರೂಪ. ಆಡುವಾಗ ಮರೆತ ಒಂದೆರಡು ಸಂಗತಿಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಆಡಿದವನಲ್ಲ, ಬರೆದವನು. ಮೂವತ್ತು ವರ್ಷ ಹುಬ್ಬಳ್ಳಿಯಲ್ಲಿ ಕ್ಲಬ್ ಮ್ಯಾಚ್‌ಗಳಿಗೆ ಸ್ಕೋರ್ ಬರೆದಿದ್ದೇನೆ. ನೆಹರು ಮೈದಾನದ ಅಂಚಿನಲ್ಲಿ ಒಂದು ಟೇಬಲ್, ಎರಡು ಕುರ್ಚಿ, ಬಿಸಿಲಿಗೆ ಒಂದು ಛತ್ರಿ. ಮಧ್ಯಾಹ್ನ ಯಾರಾದರೂ ಗಿರ್ಮಿಟ್, ಚಹಾ ತಂದುಕೊಡುತ್ತಿದ್ದರು. ಅಲ್ಲಿ ಕೂತು ಕಂಡಿದ್ದನ್ನೇ ಇವತ್ತು ನಿಮ್ಮ ಮುಂದೆ ಇಡುತ್ತೇನೆ. ವಯಸ್ಸಾಗುತ್ತಿರುವ ಒಬ್ಬ ದೊಡ್ಡ ಆಟಗಾರನಿಂದ ನಾವು ಏನು ಕೇಳುತ್ತೇವೆ, ಹಾಗೆ ಕೇಳುವುದು ಸರಿಯಾ ಅನ್ನೋದು ವಿಷಯ.

ಸ್ಕೋರ್ ಪುಸ್ತಕದಿಂದಲೇ ಶುರು ಮಾಡುತ್ತೇನೆ. ಒಬ್ಬೊಬ್ಬ ಬ್ಯಾಟ್ಸ್‌ಮನ್‌ಗೆ ಅದರಲ್ಲಿ ಒಂದು ಸಾಲು ಇರುತ್ತದೆ. ಹೊಡೆದ ರನ್ ಎಲ್ಲ ಆ ಸಾಲಿನಲ್ಲಿ ಒಂದರ ಪಕ್ಕ ಒಂದು ಅಂಕಿಯಾಗಿ ಕೂರುತ್ತವೆ. ರನ್ ಬರದ ಚೆಂಡು ಬೌಲರ್‌ನ ಖಾನೆಯಲ್ಲಿ ಚುಕ್ಕೆ. ಒಬ್ಬನ ಆಟವನ್ನೇ ಹತ್ತು ಹದಿನೈದು ವರ್ಷ ಬರೆದರೆ ಅವನ ವಯಸ್ಸು ಪುಸ್ತಕದಲ್ಲೇ ಕಾಣುತ್ತದೆ. ಮೊದಲು ಎಲ್ಲಿ ಕಾಣುತ್ತದೆ ಗೊತ್ತಾ? ಬೌಂಡರಿಗಳಲ್ಲಿ ಅಲ್ಲ. ನಾಲ್ಕು ಹಾಗೇ ಬರುತ್ತಿರುತ್ತವೆ. ಕೈಗೆ ಹತ್ತಿದ ರೂಢಿ ಅಷ್ಟು ಬೇಗ ಬಿಟ್ಟು ಹೋಗುವುದಿಲ್ಲ. ಮೊದಲು ಕಡಿಮೆಯಾಗುವುದು ಎರಡು. ಡೀಪ್ ಪಾಯಿಂಟ್ ಕಡೆ ತಳ್ಳಿ ಓಡಿ ತೆಗೆಯುತ್ತಿದ್ದ ಎರಡು ರನ್ ಒಂದಾಗುತ್ತದೆ. ನೋಡುವವರಿಗೆ ಅದು ಗೊತ್ತೇ ಆಗುವುದಿಲ್ಲ, ಯಾಕಂದರೆ ಹೊಡೆತ ಅದೇ, ಚೆಂಡು ಹೋದ ಜಾಗವೂ ಅದೇ. ಆಮೇಲೆ ಬೌಲ್ಡ್ ಮತ್ತು ಎಲ್‌ಬಿಡಬ್ಲ್ಯೂ ಜಾಸ್ತಿಯಾಗುತ್ತವೆ. ಕಾಲು ಮುಂದೆ ಬರಬೇಕಾದ ಹೊತ್ತಿಗೆ ಒಂದು ಕೂದಲೆಳೆಯಷ್ಟು ತಡವಾಗಿ ಬರುತ್ತದೆ.

ದೊಡ್ಡವರಿಗೂ ಇದೇ ಆಗುತ್ತದೆ. ಆದರೆ ನಾವು ಅವರ ಎರಡುಗಳನ್ನು ಎಣಿಸುವುದಿಲ್ಲ, ನೂರನ್ನು ಎಣಿಸುತ್ತೇವೆ.

ನಿಮ್ಮಲ್ಲಿ ಮೂವತ್ತು ದಾಟಿದವರಿಗೆಲ್ಲ 2011, 2012 ನೆನಪಿದೆ. 2011ರ ಮಾರ್ಚ್ 12ರಂದು ನಾಗಪುರದಲ್ಲಿ ದಕ್ಷಿಣ ಆಫ್ರಿಕಾ ಮೇಲೆ ಸಚಿನ್ ತೆಂಡೂಲ್ಕರ್ ಶತಕ ಹೊಡೆದರು. ಟೆಸ್ಟ್ ಮತ್ತು ಒಂದು ದಿನದ ಪಂದ್ಯ ಎರಡನ್ನೂ ಕೂಡಿಸಿದರೆ ಅದು 99ನೆಯದು. ಈ ಎರಡನ್ನು ಕೂಡಿಸಿ ಲೆಕ್ಕ ಹಾಕುವ ರೂಢಿ ಅದಕ್ಕೂ ಮೊದಲು ಎಷ್ಟಿತ್ತು ಹೇಳಿ? ಟೆಸ್ಟ್ ಶತಕ ಬೇರೆ, ಒಂದು ದಿನದ ಶತಕ ಬೇರೆ ಎಂದೇ ನಾವೆಲ್ಲ ಬರೆಯುತ್ತಿದ್ದೆವು. 99 ಆದ ಮೇಲೆ ಮಾತ್ರ ನೂರು ಅನ್ನುವುದು ದೇಶಕ್ಕೇ ಒಂದು ಹರಕೆಯ ಹಾಗೆ ಆಯಿತು. ಹರಕೆ ಹೊತ್ತವರು ನಾವು, ತೀರಿಸಬೇಕಾದವರು ಅವರು.

ಆ ಹರಕೆ ತೀರಲು ಒಂದು ವರ್ಷ ನಾಲ್ಕು ದಿನ ಬೇಕಾಯಿತು. ನಡುವೆ ಓವಲ್‌ನಲ್ಲಿ 91, ಮುಂಬೈಯಲ್ಲಿ ವೆಸ್ಟ್ ಇಂಡೀಸ್ ಮೇಲೆ 94. ಮುಂಬೈಯಲ್ಲಿ ಔಟಾದಾಗ ವಾಂಖೆಡೆ ಮೌನವಾಗಿದ್ದನ್ನು ನಾನು ಟಿವಿಯಲ್ಲಿ ನೋಡಿದೆ. ಇಲ್ಲಿ ಕೊಪ್ಪಿಕರ ರಸ್ತೆಯಲ್ಲಿ ಟಿವಿ ಅಂಗಡಿಯ ಮುಂದೆ ನಿಂತಿದ್ದವರೂ ಹಾಗೇ ಮೌನವಾಗಿದ್ದರು. ಪಕ್ಕದವನೊಬ್ಬ "ಛೇ, ವೇಸ್ಟ್ ಆತು" ಅಂದ. ಮೂವತ್ತೆಂಟು ವರ್ಷದವರೊಬ್ಬರು ಟೆಸ್ಟ್‌ನಲ್ಲಿ 94 ರನ್ ಹೊಡೆದಿದ್ದಾರೆ, ಅದು ನಮಗೆ ವೇಸ್ಟ್!

ಕೊನೆಗೆ 2012ರ ಮಾರ್ಚ್ 16ರಂದು ಮೀರ್‌ಪುರದಲ್ಲಿ, ಏಷ್ಯಾ ಕಪ್‌ನಲ್ಲಿ ಬಾಂಗ್ಲಾದೇಶದ ಮೇಲೆ ನೂರನೆಯದು ಬಂತು. 147 ಚೆಂಡಿಗೆ 114. ಹೆಲ್ಮೆಟ್ ತೆಗೆದು, ಅದರ ಮೇಲಿನ ತ್ರಿವರ್ಣ ಧ್ವಜವನ್ನು ಬ್ಯಾಟಿನಿಂದ ತೋರಿಸಿದರು. ಕುಣಿಯಲಿಲ್ಲ, ಕೂಗಲಿಲ್ಲ. ಐವತ್ತು ಕಿಲೋ ಭಾರ ಇಳಿದ ಹಾಗಾಗಿದೆ ಎನ್ನುವ ಅರ್ಥದ ಮಾತು ಆಮೇಲೆ ಹೇಳಿದರು. ಆ ಐವತ್ತು ಕಿಲೋ ಹೊರಿಸಿದವರು ಯಾರು? ಆ ಪಂದ್ಯವನ್ನು ಬಾಂಗ್ಲಾದೇಶ ನಾಲ್ಕು ಚೆಂಡು ಉಳಿಸಿ ಗೆದ್ದಿತು. ನಮ್ಮ ಓಣಿಯಲ್ಲಿ ಪಟಾಕಿ ಹೊಡೆದವರಿಗೆ ಅದು ರಾತ್ರಿ ಗೊತ್ತಾಯಿತು. ಸಚಿನ್ ಅವರನ್ನು ನಾನು ದೂರುತ್ತಿಲ್ಲ. 1989ರಲ್ಲಿ ಹದಿನಾರನೇ ವಯಸ್ಸಿಗೆ ಕರಾಚಿಯಲ್ಲಿ ಶುರು ಮಾಡಿದ ಆಟಗಾರ ಇಪ್ಪತ್ತೆರಡು ವರ್ಷ ಆಡಿ, ಆ ನೂರನೇ ಶತಕವನ್ನೂ ನಮಗೆ ಕೊಟ್ಟರು. ನಾನು ಕೇಳುವುದು ನಮ್ಮ ಬಗ್ಗೆ.

ಈಗ ಅದೇ ಕಾಲದ ಇನ್ನೊಂದು ಮಾತು. 2011ರ ಬೇಸಿಗೆಯಲ್ಲಿ ಇಂಗ್ಲೆಂಡಿನಲ್ಲಿ ಭಾರತ ನಾಲ್ಕಕ್ಕೆ ನಾಲ್ಕೂ ಟೆಸ್ಟ್ ಸೋತಿತು. ಆ ನಾಲ್ಕರಲ್ಲಿ ಮೂರು ಶತಕ ಹೊಡೆದವರು ನಮ್ಮ ರಾಹುಲ್ ದ್ರಾವಿಡ್. ಲಾರ್ಡ್ಸ್‌ನಲ್ಲಿ 103, ಟ್ರೆಂಟ್‌ಬ್ರಿಜ್‌ನಲ್ಲಿ 117, ಓವಲ್‌ನಲ್ಲಿ 146. ಓವಲ್‌ನಲ್ಲಿ ಓಪನಿಂಗ್ ಬಂದು, ಹತ್ತೂ ವಿಕೆಟ್ ಬಿದ್ದರೂ ಔಟಾಗದೆ ಉಳಿದರು. ಸರಣಿಯಲ್ಲಿ 461 ರನ್. ಅವರಿಗೂ ಆಗ ಮೂವತ್ತೆಂಟು. ಅದೇ ಓವಲ್ ಟೆಸ್ಟ್‌ನ ಎರಡನೇ ಇನಿಂಗ್ಸ್‌ನಲ್ಲಿ ಸಚಿನ್ 91ಕ್ಕೆ ಔಟಾದರು. ನಮ್ಮ ನೆನಪಿನಲ್ಲಿ ಯಾವುದು ಜಾಸ್ತಿ ಉಳಿದಿದೆ? ಸಿಗದ ಆ ಒಂಬತ್ತು ರನ್. ಸಿಕ್ಕ 146 ಅಲ್ಲ.

ಅದಾಗಿ ನಾಲ್ಕೈದು ತಿಂಗಳಿಗೆ ಆಸ್ಟ್ರೇಲಿಯಾ ಪ್ರವಾಸ. ದ್ರಾವಿಡ್ ಎಂಟು ಇನಿಂಗ್ಸ್‌ನಲ್ಲಿ ಆರು ಸಲ ಬೌಲ್ಡ್ ಆದರು. ಗೋಡೆ ಅಂತ ಕರೆಸಿಕೊಂಡವರು ಆರು ಸಲ ಬೌಲ್ಡ್! ನನ್ನಂಥ ಸ್ಕೋರರ್‌ಗೆ ಅದು ಎದೆಗೆ ನಾಟುವ ಅಂಕಿ. ಅವರು ಊರಿಗೆ ಬಂದು, ಮಾರ್ಚ್ 9ರಂದು ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ಪತ್ರಕರ್ತರ ಮುಂದೆ ಕೂತು, ಸಾಕು ಅಂದರು. 164 ಟೆಸ್ಟ್, 13,288 ರನ್. ಬೀಳ್ಕೊಡುಗೆ ಪಂದ್ಯ ಇಲ್ಲ, ಮೈದಾನದ ಸುತ್ತು ಇಲ್ಲ. ಅದಾಗಿ ಸರಿಯಾಗಿ ಒಂದು ವಾರಕ್ಕೆ ಮೀರ್‌ಪುರದ ಶತಕ ಬಂತು.

ಆಗ ತುಂಬಾ ಜನ "ದ್ರಾವಿಡ್‌ಗೆ ಒಂದು ಕೊನೆಯ ಪಂದ್ಯ ಕೊಡಬೇಕಿತ್ತು" ಅಂದರು. ನಾನೂ ಅಂದಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ಕೊನೆಯ ಪಂದ್ಯ ಬೇಕಿದ್ದಿದ್ದು ಯಾರಿಗೆ? ಅವರಂತೂ ಕೇಳಲಿಲ್ಲ. ಅದೇ ವರ್ಷದ ಆಗಸ್ಟ್‌ನಲ್ಲಿ ವಿವಿಎಸ್ ಲಕ್ಷ್ಮಣ್ ಅವರಿಗೆ ಸ್ವಂತ ಊರು ಹೈದರಾಬಾದಿನಲ್ಲೇ ಟೆಸ್ಟ್ ಇತ್ತು, ತಂಡದಲ್ಲಿ ಹೆಸರೂ ಇತ್ತು. ಅವರು ಅದಕ್ಕೂ ಮೊದಲೇ ಬಿಟ್ಟರು. 2013ರ ನವೆಂಬರ್‌ನಲ್ಲಿ ಸಚಿನ್ ಅವರಿಗೆ ಮಾತ್ರ ವಾಂಖೆಡೆಯಲ್ಲಿ 200ನೇ ಟೆಸ್ಟ್, 74 ರನ್, ಕೊನೆಗೆ ಪಿಚ್ ಮುಟ್ಟಿ ನಮಸ್ಕಾರ, ಕಣ್ಣೀರು. ನಾನೂ ಅವತ್ತು ಅತ್ತಿದ್ದೇನೆ. ಆದರೆ ಆ ದಿನ ನಮ್ಮ ಅಳತೆಯನ್ನು ಕೆಡಿಸಿತು. ಅದಾದ ಮೇಲೆ ಪ್ರತಿಯೊಬ್ಬರಿಂದಲೂ ನಾವು ಒಂದು ವಾಂಖೆಡೆ ಕೇಳುತ್ತಿದ್ದೇವೆ.

ನಮ್ಮ ಊರಿನವರಿಗೆ ವಯಸ್ಸಾದ ಕಲಾವಿದರನ್ನು ಹೇಗೆ ಕೇಳಬೇಕು ಅಂತ ಚೆನ್ನಾಗಿ ಗೊತ್ತು. ಧಾರವಾಡದಲ್ಲಿ ನಿಂತು ಇದನ್ನು ಹೇಳದೆ ಇರಲಾರೆ. ಮಲ್ಲಿಕಾರ್ಜುನ ಮನ್ಸೂರ ಅವರ ಹೆಸರು ದೇಶಕ್ಕೆಲ್ಲ ಹಬ್ಬಿದ್ದೇ ಅವರಿಗೆ ವಯಸ್ಸಾದ ಮೇಲೆ. ಎಪ್ಪತ್ತು ದಾಟಿದ ಮೇಲಿನ ಅವರ ಹಾಡನ್ನು ಇಲ್ಲಿ ಕೂತ ಹಿರಿಯರು ಎದುರಿಗೇ ಕೇಳಿದ್ದೀರಿ. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲ ತೊಂಬತ್ತು ದಾಟಿದ ಮೇಲೂ ವೇದಿಕೆ ಹತ್ತಿ ಹಾಡಿದರು. ಆಗ ಯಾರಾದರೂ "ಮೂವತ್ತು ವರ್ಷದ ಹಿಂದಿನ ತಾನ ಬರಲಿಲ್ಲ" ಅಂತ ಎದ್ದು ಹೋದರಾ? ಇಲ್ಲ. ಅವತ್ತಿನ ದನಿಯಲ್ಲಿ ಅವತ್ತು ಏನಿದೆಯೋ ಅದನ್ನು ಕೇಳಿದೆವು. ಒಂದು ಸ್ವರದ ಮೇಲೆ ನಿಂತರೆ ಅಷ್ಟೇ ಸಾಕಾಗಿತ್ತು.

ಹಾಗಾದರೆ ಕ್ರಿಕೆಟ್ಟನ್ನೂ ಹಾಗೇ ನೋಡಬಾರದೇಕೆ ಅಂತ ತುಂಬಾ ದಿನ ಯೋಚಿಸಿದ್ದೇನೆ. ಅರ್ಧ ನೋಡಬಹುದು, ಇನ್ನರ್ಧ ಆಗುವುದಿಲ್ಲ. ಯಾಕಂದರೆ ಚೆಂಡಿಗೆ ವಿಲಂಬಿತ ಇಲ್ಲ. ಹಾಡುವವರು ಲಯ ಇಳಿಸಿಕೊಳ್ಳಬಹುದು, ಉಸಿರಿಗೆ ತಕ್ಕ ಹಾಗೆ ಆಲಾಪ ಮಾಡಬಹುದು. ಈ ಕ್ರೀಸಿನಿಂದ ಆ ಕ್ರೀಸಿಗೆ 58 ಅಡಿ. ಗಂಟೆಗೆ 140 ಕಿಲೋಮೀಟರ್ ವೇಗದ ಚೆಂಡು ಅಷ್ಟು ದೂರ ಬರಲು ಅರ್ಧ ಸೆಕೆಂಡಿನ ಆಸುಪಾಸು. ಅಷ್ಟರಲ್ಲಿ ನೋಡಬೇಕು, ತೀರ್ಮಾನ ಮಾಡಬೇಕು, ಕಾಲು ಇಡಬೇಕು. ಎದುರಿಗಿರುವವರು ಸಚಿನ್ ಅಂತ ಚೆಂಡು ನಿಧಾನವಾಗುವುದಿಲ್ಲ.

ಇನ್ನೊಂದು ದೊಡ್ಡ ವ್ಯತ್ಯಾಸ ಇದೆ. ಮನ್ಸೂರರು ಎಂಬತ್ತರಲ್ಲಿ ಹಾಡಿದರೆ ಯಾವ ಹುಡುಗನ ಹಾಡೂ ನಿಲ್ಲುತ್ತಿರಲಿಲ್ಲ. ತಂಡದಲ್ಲಿ ಇರುವುದು ಹನ್ನೊಂದೇ ಜಾಗ.

ಈ ಹನ್ನೊಂದು ಜಾಗದ ಮಾತಿಗೆ ಬರುವ ಮೊದಲು ಇತ್ತೀಚಿನದೊಂದು ಸಂಗತಿ. 2024ರ ಕೊನೆಗೆ ಆಸ್ಟ್ರೇಲಿಯಾದಲ್ಲಿ ವಿರಾಟ್ ಕೊಹ್ಲಿ ಪರ್ತ್‌ನಲ್ಲಿ ಒಂದು ಶತಕ ಹೊಡೆದರು. ಆ ಸರಣಿಯಲ್ಲಿ ಔಟಾಗಿದ್ದು ಎಂಟು ಸಲ. ಎಂಟೂ ಸಲ ಕ್ಯಾಚ್, ಎಲ್ಲವೂ ವಿಕೆಟ್ ಕೀಪರ್ ಕೈಗೆ ಇಲ್ಲವೇ ಸ್ಲಿಪ್‌ಗೆ. ಶತಕ ಸೇರಿಸಿಯೂ ಒಂಬತ್ತು ಇನಿಂಗ್ಸ್‌ನಲ್ಲಿ 190 ರನ್. ಊರಿಗೆ ಬಂದ ಮೇಲೆ 2025ರ ಜನವರಿ 30ರಂದು ದೆಹಲಿಯ ಕೋಟ್ಲಾದಲ್ಲಿ ರೈಲ್ವೇಸ್ ವಿರುದ್ಧ ರಣಜಿ ಪಂದ್ಯ ಆಡಲು ಇಳಿದರು. ರಣಜಿಗೆ ನಮ್ಮಲ್ಲಿ ಜನ ಬರುವುದು ಎಷ್ಟು ಅಂತ ನಿಮಗೆ ಗೊತ್ತು. ನಮ್ಮ ರಾಜನಗರದ ಮೈದಾನದಲ್ಲೂ ಬೇಕಾದ ಕಡೆ ಕೂರಬಹುದು. ಅವತ್ತು ಕೋಟ್ಲಾ ಮುಂದೆ ಬೆಳಗಿನ ಜಾವದಿಂದ ಸಾಲು. ಸಾವಿರಾರು ಜನ. ಮರುದಿನ ಕೊಹ್ಲಿ ಬ್ಯಾಟ್ ಹಿಡಿದು ಬಂದರು. ಹಿಮಾಂಶು ಸಾಂಗ್ವಾನ್ ಎಂಬ ಬೌಲರ್ ಅವರ ಆಫ್ ಸ್ಟಂಪ್ ಹಾರಿಸಿದ. 6 ರನ್. ಜನ ಎದ್ದು ಮನೆಗೆ ಹೋದರು.

ಸಾಂಗ್ವಾನ್ ಹಾಕಿದ್ದು ಒಳ್ಳೆಯ ಚೆಂಡು. ಅವನ ಬದುಕಿನಲ್ಲೇ ದೊಡ್ಡ ಚೆಂಡು ಇರಬಹುದು. ಅದನ್ನು ನೋಡಲು ಅಷ್ಟು ಜನ ಇದ್ದರು, ನೋಡಿದವರು ಎಷ್ಟು ಮಂದಿ? ಆಮೇಲೆ ಪಂದ್ಯ ಮುಂದುವರಿಯಿತು. ದೆಹಲಿಯ ಉಳಿದ ಹುಡುಗರು ಖಾಲಿ ಕುರ್ಚಿಗಳ ಮುಂದೆ ಆಡಿದರು.

ಮೇ 12ಕ್ಕೆ ಕೊಹ್ಲಿ ಟೆಸ್ಟ್ ಬಿಟ್ಟರು. 123 ಟೆಸ್ಟ್, 9,230 ರನ್, 30 ಶತಕ. ಇನ್ನು 770 ಹೊಡೆದಿದ್ದರೆ ಹತ್ತು ಸಾವಿರ. ಆ 770ನ್ನು ಅವರ ಸಾಲ ಎನ್ನುವ ಹಾಗೆ ಮಾತಾಡಿದವರು ಎಷ್ಟೋ ಜನ. ಆ ವಾರ ನಮ್ಮ ಪಕ್ಕದ ಮನೆಯ ಹುಡುಗ ಒಂದು ಬಿಳಿ ಅಂಗಿ ಇಸ್ತ್ರಿ ಮಾಡಿಸಿಕೊಂಡು ಬೆಂಗಳೂರಿಗೆ ಹೊರಟ. ಮೇ 17ಕ್ಕೆ ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ ಪಂದ್ಯ. ಕೊಹ್ಲಿಗೆ ಟೆಸ್ಟ್ ವಿದಾಯ ಸಿಗಲಿಲ್ಲವಲ್ಲ, ಅದಕ್ಕೆ ಅಭಿಮಾನಿಗಳೆಲ್ಲ ಕೆಂಪು ಬಿಟ್ಟು ಬಿಳಿ ಹಾಕಿಕೊಂಡು ಬರೋಣ ಅಂತ ಮಾತಾಡಿಕೊಂಡಿದ್ದರು. ಹಾಗೇ ಬಂದರು. ಮಳೆ ಬಂತು. ಒಂದು ಚೆಂಡೂ ಬೀಳಲಿಲ್ಲ. ಹುಡುಗ ನೆನೆದ ಬಿಳಿ ಅಂಗಿಯಲ್ಲೇ ರಾತ್ರಿ ರಾಣಿ ಚೆನ್ನಮ್ಮ ರೈಲು ಹತ್ತಿ ಬೆಳಿಗ್ಗೆ ಹುಬ್ಬಳ್ಳಿಗೆ ಇಳಿದ. ನಾನು ಕೇಳಿದೆ, "ಏನಪಾ, ಏನೂ ಸಿಗಲಿಲ್ಲಲ್ಲೋ?" ಅವನು, "ಇಲ್ರಿ ಮಾಮಾ, ಚಲೋ ಆತು. ನಾವೆಲ್ಲ ಹೋಗಿದ್ವಿ ಅಂತ ಅವರಿಗೆ ಗೊತ್ತಾತು" ಅಂದ.

ಆ ಮಾತು ನನಗೆ ತುಂಬಾ ಹಿಡಿಸಿತು. ಅವನು ಅವತ್ತು ಕೊಹ್ಲಿಯಿಂದ ಏನೂ ಕೇಳಲಿಲ್ಲ. ಕೊಟ್ಟು ಬಂದ. ಹುಡುಗನಿಗೆ ಇಪ್ಪತ್ತೆರಡು ವರ್ಷ.

ಈಗ ಹನ್ನೊಂದು ಜಾಗದ ಮಾತು. ಇದು ನಮ್ಮ ಮೈದಾನದ್ದೇ ಕಥೆ. ಯಾವ ಕ್ಲಬ್, ಯಾರು ಅಂತ ಹೇಳುವುದಿಲ್ಲ.

ಆ ತಂಡದ ಓಪನರ್‌ನನ್ನು ಎಲ್ಲರೂ ಕಾಕಾ ಅನ್ನುತ್ತಿದ್ದರು. ರೈಲ್ವೆಯಲ್ಲಿ ನೌಕರಿ. ಶಿಫ್ಟ್ ಮುಗಿಸಿ ಸೈಕಲ್ ಮೇಲೆ ಕಿಟ್ ಕಟ್ಟಿಕೊಂಡು ಬರುತ್ತಿದ್ದರು. ಮ್ಯಾಟಿನ ಮೇಲೆ ಅವರ ಸ್ಕ್ವೇರ್ ಕಟ್ ನೋಡಬೇಕಿತ್ತು. ಪಾಯಿಂಟ್‌ನಲ್ಲಿ ನಿಂತವನು ಕೈ ಹಾಕುವುದಕ್ಕೇ ಹೆದರುತ್ತಿದ್ದ. ಅವರು ಆಡಲು ಬಂದರೆ ಮಿರ್ಚಿ ಭಜಿ ಕರಿಯುವವನು ಸ್ಟೋವ್ ಸಣ್ಣ ಮಾಡಿ ನೋಡುತ್ತಿದ್ದ. ಇಪ್ಪತ್ತು ವರ್ಷ ಆಡಿದರು. ನಲವತ್ತೊಂದು, ನಲವತ್ತೆರಡನೇ ವಯಸ್ಸಿಗೆ ನನ್ನ ಪುಸ್ತಕದಲ್ಲಿ ಎರಡು ಮಾಯವಾಗತೊಡಗಿತು. ಒಂದು, ಒಂದು, ನಾಲ್ಕು, ಒಂದು. ಆಮೇಲೆ ಬೌಲ್ಡ್. ಹೀಗೇ ಒಂದು ಇಡೀ ಸೀಸನ್.

ಒಂದು ಸಂಜೆ ಆಟ ಮುಗಿದ ಮೇಲೆ ಕಾಕಾ ನನ್ನ ಟೇಬಲ್ ಹತ್ತಿರ ಬಂದರು. ಪ್ಯಾಡ್ ಇನ್ನೂ ಬಿಚ್ಚಿರಲಿಲ್ಲ. "ಮಾಸ್ತರ, ಪುಸ್ತಕ ಕೊಡ್ರಿ" ಅಂದರು. ಹಿಂದಿನ ಪುಟ, ಅದರ ಹಿಂದಿನ ಪುಟ ತಿರುವಿದರು. ತಮ್ಮ ಹೆಸರಿನ ಸಾಲಿನ ಮೇಲೆ ಹೆಬ್ಬೆರಳು ಇಟ್ಟು ಮೆಲ್ಲಗೆ ಸರಿಸುತ್ತಾ ಹೋದರು. ಬೆರಳಿನ ಬೆವರಿಗೆ ಪೆನ್ಸಿಲ್ ಗುರುತು ಸ್ವಲ್ಪ ಅಳಿಸಿತು. "ಎಲ್ಲಾ ಬರೋಬ್ಬರಿ ಬರದೀರಿ ಹೌದಿಲ್ರಿ?" ಅಂದರು. "ಹೌದ್ರಿ ಕಾಕಾ" ಅಂದೆ. ಅವರು ನನ್ನ ಮುಖ ನೋಡಿದರು. ಅವರು ಇನ್ನೂ ಏನೋ ಕೇಳುತ್ತಿದ್ದಾರೆ ಅಂತ ನನಗೆ ಗೊತ್ತಿತ್ತು. ಹೇಳಬಹುದಿತ್ತು. ನಾನು ಸುಮ್ನೆ ರಬ್ಬರ್ ಬ್ಯಾಂಡ್ ಹಾಕಿ ಪುಸ್ತಕ ಚೀಲದಲ್ಲಿ ಇಟ್ಟೆ.

ಕ್ಯಾಪ್ಟನ್‌ಗೆ ಗೊತ್ತಿತ್ತು, ಸೆಕ್ರೆಟರಿಗೆ ಗೊತ್ತಿತ್ತು. ಕೇಳಿದರೆ ಎಲ್ಲರದೂ ಒಂದೇ ಮಾತು: "ನಾವು ಹೆಂಗ್ ಹೇಳೂದ್ರಿ? ಅವರಿಗೇ ತಿಳೀಬೇಕು." ಇದನ್ನು ನಾವು ಗೌರವ ಅಂದುಕೊಂಡಿದ್ದೆವು. ಮುಂದಿನ ಎರಡು ಸೀಸನ್ ಕಾಕಾ ಆಡಿದರು. ಅವರ ಹಿಂದೆ ಒಬ್ಬ ಹುಡುಗ ಇದ್ದ, ಗದಗ ಕಡೆಯವನು. ನೆಟ್ಸ್‌ನಲ್ಲಿ ಅವನು ಹೊಡೆಯುವುದನ್ನು ನೋಡಿ ಬೇರೆ ಕ್ಲಬ್ಬಿನವರು ಬಂದು ನಿಲ್ಲುತ್ತಿದ್ದರು. ಅವನಿಗೆ ನಮ್ಮಲ್ಲಿ ಸಿಕ್ಕಿದ್ದು ಹನ್ನೆರಡನೆಯವನ ಕೆಲಸ. ನೀರು ತರುವುದು, ಗ್ಲೌಸ್ ತರುವುದು. ಎರಡನೇ ಸೀಸನ್ ಮಧ್ಯೆ ಅವನು ಬರುವುದು ನಿಲ್ಲಿಸಿದ. ಯಾವುದೋ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ಅಂತ ಆಮೇಲೆ ತಿಳಿಯಿತು. ಅವನು ದೊಡ್ಡ ಆಟಗಾರ ಆಗುತ್ತಿದ್ದನೋ ಇಲ್ಲವೋ ಯಾರಿಗೆ ಗೊತ್ತು? ಗೊತ್ತಾಗುವುದಕ್ಕೆ ನಾವೇ ಬಿಡಲಿಲ್ಲ.

ಕಾಕಾ ಮಾಡಿದ್ದು ತಪ್ಪಲ್ಲ. ಆಟ ಅವರ ಉಸಿರು, ಅವರು ಆಡಿದರು. ಬಾಯಿ ಬಿಡದ ನಾವು ಮಾಡಿದ್ದು ತಪ್ಪು.

ಇದು ಮೇಲಿನ ಮಟ್ಟದಲ್ಲೂ ಆಗಿದೆ. ಕಪಿಲ್ ದೇವ್ ಅವರನ್ನು ನಾನು ಯಾರಿಗೂ ಕಡಿಮೆ ಅನ್ನುವುದಿಲ್ಲ. 1983ರ ವಿಶ್ವಕಪ್ ಕೊಟ್ಟವರು ಅವರು. ರಿಚರ್ಡ್ ಹ್ಯಾಡ್ಲಿಯ 431 ಟೆಸ್ಟ್ ವಿಕೆಟ್‌ಗಳ ವಿಶ್ವದಾಖಲೆ ದಾಟಲು ಹೊರಟಾಗ ಅವರ ವೇಗ ಇಳಿದಿತ್ತು. 1994ರ ಫೆಬ್ರುವರಿ 8ರಂದು ಅಹಮದಾಬಾದಿನಲ್ಲಿ 432ನೇ ವಿಕೆಟ್ ಬಂತು. ಇಡೀ ದೇಶ ಒಂದೊಂದೇ ವಿಕೆಟ್ ಎಣಿಸುತ್ತಿತ್ತು. ಆ ಕಾಲದಲ್ಲಿ ಮೈಸೂರಿನ ಜಾವಗಲ್ ಶ್ರೀನಾಥ್ 1991ರಲ್ಲೇ ಆಸ್ಟ್ರೇಲಿಯಾದಲ್ಲಿ ಟೆಸ್ಟ್ ಆಡಿ ಬಂದಿದ್ದರು. ತವರಿನಲ್ಲಿ ಮೊದಲ ಟೆಸ್ಟ್ ಆಡಲು ಅವರು 1994ರ ಕೊನೆಯವರೆಗೆ ಕಾಯಬೇಕಾಯಿತು. ಇಲ್ಲಿನ ಸ್ಪಿನ್ ಪಿಚ್‌ಗಳೂ ಅದಕ್ಕೆ ಕಾರಣ, ಒಪ್ಪುತ್ತೇನೆ. ಆದರೆ ಒಬ್ಬ ವೇಗದ ಬೌಲರ್‌ಗೆ ಇಪ್ಪತ್ತೆರಡರಿಂದ ಇಪ್ಪತ್ತೈದು ಅಂದರೆ ಹಸಿ ಕಾಲು, ಹೊಸ ಭುಜ. ಆ ಓವರ್‌ಗಳು ಮತ್ತೆ ಬರುವುದಿಲ್ಲ.

ಹಾಗಾಗಿ ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. "ಯಾವಾಗ ಬಿಡಬೇಕು ಅಂತ ಅವರೇ ತೀರ್ಮಾನಿಸಲಿ" ಅನ್ನುವ ಮಾತು ಕೇಳಲು ಚೆಂದ. ಅದು ಆ ಆಟಗಾರನ ಮೇಲೂ ಅನ್ಯಾಯ, ಕಾಯುತ್ತಿರುವವನ ಮೇಲೂ ಅನ್ಯಾಯ. ಒಬ್ಬ ಮನುಷ್ಯ ಹದಿನಾರನೇ ವಯಸ್ಸಿನಿಂದ ಮಾಡಿಕೊಂಡು ಬಂದ ಕೆಲಸವನ್ನು ಇವತ್ತಿಗೆ ಸಾಕು ಅಂತ ತಾನೇ ಹೇಳಿಕೊಳ್ಳಬೇಕು ಅಂದರೆ ಎಷ್ಟು ಕಷ್ಟ! ತೀರ್ಮಾನ ಮಾಡುವುದು ಆಯ್ಕೆಗಾರರ ಕೆಲಸ. ಅದನ್ನು ಮುಖ ನೋಡಿ, ಕೂರಿಸಿಕೊಂಡು ಹೇಳುವುದೂ ಅವರ ಕೆಲಸ. ಗುಂಡಪ್ಪ ವಿಶ್ವನಾಥ್ ಅವರನ್ನು 1983ರ ಪಾಕಿಸ್ತಾನ ಪ್ರವಾಸದ ನಂತರ ಕೈಬಿಟ್ಟರು. 91 ಟೆಸ್ಟ್ ಆಡಿದವರು, ಆಗಿನ್ನೂ ಮೂವತ್ತಮೂರು ವರ್ಷ. ಮತ್ತೆ ಕರೆಯಲೇ ಇಲ್ಲ. ಹಾಗೂ ಆಗಬಾರದು. ಕೈಬಿಡುವುದಕ್ಕೂ ಒಂದು ರೀತಿ ಇದೆ.

ಆ ಕುರ್ಚಿಯಲ್ಲಿ ನಮ್ಮ ಗದಗದವರೂ ಕೂತಿದ್ದರು. ಸುನೀಲ್ ಜೋಶಿ 2020ರಲ್ಲಿ ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷರಾದರು. ಚಿಕ್ಕವರಿದ್ದಾಗ ಬೆಳಿಗ್ಗೆ ಗದಗದಿಂದ ಹುಬ್ಬಳ್ಳಿಗೆ ಪ್ರಾಕ್ಟೀಸ್‌ಗೆ ಬಂದು, ಶಾಲೆಯ ಹೊತ್ತಿಗೆ ವಾಪಸ್ ಹೋಗುತ್ತಿದ್ದವರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ಮೇಲೆ 10 ಓವರ್, 6 ಮೇಡನ್, 6 ರನ್, 5 ವಿಕೆಟ್. ಈ ಸಾಲನ್ನು ಬರೆಯುವ ಭಾಗ್ಯ ಯಾವ ಸ್ಕೋರರ್‌ಗೆ ಸಿಕ್ಕಿತೋ! 2001ರ ನಂತರ ಭಾರತ ತಂಡಕ್ಕೆ ಅವರನ್ನು ಕರೆಯಲಿಲ್ಲ. ಆದರೂ ಅವರು ಕರ್ನಾಟಕಕ್ಕೆ ವರ್ಷಗಟ್ಟಲೆ ಆಡಿದರು. ಪ್ರಥಮ ದರ್ಜೆಯಲ್ಲಿ 600ಕ್ಕೂ ಜಾಸ್ತಿ ವಿಕೆಟ್ ತೆಗೆದರು. ಆ ವರ್ಷಗಳಲ್ಲಿ ಅವರಿಂದ ದೇಶ ಏನೂ ಕೇಳುತ್ತಿರಲಿಲ್ಲ. ಖಾಲಿ ಮೈದಾನ, ಕೈಯಲ್ಲಿ ಚೆಂಡು. ಅದೂ ಒಂದು ಸುಖ ಇರಬೇಕು ಅಂತ ನನಗೆ ಅನ್ನಿಸುತ್ತದೆ.

ಅನಿಲ್ ಕುಂಬ್ಳೆ ಬಗ್ಗೆ ಒಂದೇ ಮಾತು. 2008ರ ನವೆಂಬರ್, ಕೋಟ್ಲಾ. ಎಡಗೈ ಕಿರುಬೆರಳಿಗೆ ಹನ್ನೊಂದು ಹೊಲಿಗೆ. ಹೊಲಿಗೆ ಹಾಕಿಸಿಕೊಂಡು ಬಂದು ಬೌಲಿಂಗ್ ಮಾಡಿ, ಅದೇ ಪಂದ್ಯದ ಕೊನೆಯ ದಿನ ಮುಗಿಸಿದರು. 619 ವಿಕೆಟ್. 650 ಆಗಲಿ ಅಂತ ಕಾಯಲಿಲ್ಲ.

ಮಾತು ಮುಗಿದ ಮೇಲೆ ಕಾಲೇಜು ಹುಡುಗಿಯೊಬ್ಬಳು ಎದ್ದು ಕೇಳಿದಳು. "ಸರ್, ಹಾಗಾದ್ರೆ ನಾವು ಆಸೆನೇ ಪಡಬಾರದಾ? ಕೊನೆ ಸಲ ಚೆನ್ನಾಗಿ ಆಡ್ಲಿ ಅಂತ ಅಂದುಕೊಳ್ಳೋದು ತಪ್ಪಾ?" ಒಳ್ಳೆಯ ಪ್ರಶ್ನೆ. ನಾನು ಕೊಟ್ಟ ಉತ್ತರವನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಆಸೆ ಪಡಮ್ಮ. ಚೆನ್ನಾಗಿ ಆಡಲಿ ಅನ್ನುವುದು ಬೇರೆ, ನೂರು ಹೊಡೆಯಲಿ ಅನ್ನುವುದು ಬೇರೆ. ಡಾನ್ ಬ್ರಾಡ್ಮನ್ 1948ರಲ್ಲಿ ಓವಲ್‌ನಲ್ಲಿ ಕೊನೆಯ ಸಲ ಬ್ಯಾಟ್ ಮಾಡಲು ಹೋದಾಗ ನಾಲ್ಕು ರನ್ ಹೊಡೆದಿದ್ದರೆ ಸರಾಸರಿ ನೂರಾಗುತ್ತಿತ್ತು. ಎರಡನೇ ಚೆಂಡಿಗೆ ಇಂಗ್ಲೆಂಡಿನ ಬೌಲರ್ ಹೋಲೀಸ್ ಬೌಲ್ಡ್ ಮಾಡಿದ. ಸೊನ್ನೆ. 99.94. ಎಪ್ಪತ್ತೈದು ವರ್ಷ ದಾಟಿದರೂ ಜನ ಆ ನಾಲ್ಕು ರನ್ ಬಗ್ಗೆ ಮಾತಾಡುತ್ತಾರೆ. ಇನ್ನೊಂದು ನಾಲ್ಕು ರನ್ ನಮ್ಮ ಬೆಂಗಳೂರಿನದು. 1987ರ ಮಾರ್ಚ್, ಪಾಕಿಸ್ತಾನದ ಮೇಲೆ. ಚೆಂಡು ಒಂದು ಹಾರುತ್ತಿತ್ತು, ಒಂದು ಕೂರುತ್ತಿತ್ತು, ಇನ್ನೊಂದು ಅಡಿಗಟ್ಟಲೆ ತಿರುಗುತ್ತಿತ್ತು. ಗೆಲ್ಲಲು 221 ಬೇಕು. ಸುನೀಲ್ ಗವಾಸ್ಕರ್‌ಗೆ ಮೂವತ್ತೇಳು ವರ್ಷ, ಕೊನೆಯ ಟೆಸ್ಟ್. ನಾನು ಟ್ರಾನ್ಸಿಸ್ಟರ್ ಕಿವಿಗೆ ಹಿಡಿದು ದುರ್ಗದ ಬೈಲಿನಲ್ಲಿ ನಿಂತಿದ್ದೆ. ಅವರ ಸ್ಪಿನ್ನರ್‌ಗಳಾದ ತೌಸೀಫ್, ಇಕ್ಬಾಲ್ ಖಾಸಿಂ ಎರಡೂ ಕಡೆಯಿಂದ ಹಾಕುತ್ತಿದ್ದಾರೆ, ಇನ್ನೊಂದು ತುದಿಯಲ್ಲಿ ವಿಕೆಟ್ ಬೀಳುತ್ತಿವೆ, ಈ ಮನುಷ್ಯ ಮಾತ್ರ ಒಂದೊಂದೇ ಚೆಂಡನ್ನು ಕಾಲ ಬುಡದಲ್ಲಿ ಕೂರಿಸುತ್ತಿದ್ದಾರೆ. 96ಕ್ಕೆ ಔಟ್. ಭಾರತ 16 ರನ್‌ಗೆ ಸೋತಿತು. ಅವತ್ತು ದುರ್ಗದ ಬೈಲಿನಲ್ಲಿ ಯಾರೂ "ನಾಲ್ಕು ರನ್ ಕಡಿಮೆ ಆತು" ಅನ್ನಲಿಲ್ಲ. ಬಳೆ ಅಂಗಡಿಯ ಅಜ್ಜ ಒಬ್ಬರು "ಎಂಥಾ ಆಟ ಆಡಿದ್ನೋ" ಅಂದರು. ನಾವು ಹಾಗೆ ನೋಡುತ್ತಿದ್ದ ಕಾಲ ಇತ್ತಮ್ಮ. ನಿಮ್ಮಿಂದ ಅದು ಮತ್ತೆ ಬರಲಿ ಅಂತ ನನ್ನ ಆಸೆ.

ಕೊನೆಗೆ ಇನ್ನೊಬ್ಬರು ಕಾಕಾ ಏನಾದರು ಅಂತ ಕೇಳಿದರು. ಅವರ ಕೊನೆಯ ಪಂದ್ಯದ ಪುಸ್ತಕವನ್ನು ನಾನು ಅವತ್ತು ಚೀಲದಲ್ಲಿ ತಂದಿದ್ದೆ. ಎಲ್ಲರ ಕೈಗೂ ಕೊಟ್ಟೆ. ಆ ದಿನ ಅವರು ಓಪನಿಂಗ್ ಹೋಗಲಿಲ್ಲ. ಅಷ್ಟರಲ್ಲಿ ಹೊಸ ಕ್ಯಾಪ್ಟನ್ ಬಂದಿದ್ದ, ಇಪ್ಪತ್ತಾರು ವರ್ಷದವನು. ಹಿಂದಿನ ದಿನ ಅವರ ಮನೆಗೇ ಹೋಗಿ, ಚಹಾ ಕುಡಿದು, "ಕಾಕಾ, ನಾಳಿಂದು ಕೊನೇದ್ದು. ಏಳನೇ ನಂಬರಿಗೆ ಬರ್ರಿ" ಅಂತ ಹೇಳಿಬಂದಿದ್ದ. ನಾವು ಎರಡು ವರ್ಷ ಹೇಳಲಾಗದ್ದನ್ನು ಅವನು ಹತ್ತು ನಿಮಿಷದಲ್ಲಿ ಹೇಳಿದ. ಕಾಕಾ "ಆತು ಬಿಡಪಾ" ಅಂದರಂತೆ.

ಪುಸ್ತಕದಲ್ಲಿ ಅವರ ಸಾಲು ಹೀಗಿದೆ: ಒಂದು, ಒಂದು, ನಾಲ್ಕು, ಒಂದು, ಎರಡು, ಒಂದು, ಒಂದು, ಔಟಾಗದೆ 11. ಆ ಎರಡನ್ನು ಓಡಿಸಿದ್ದು ಇನ್ನೊಂದು ತುದಿಯಲ್ಲಿದ್ದ ಹತ್ತೊಂಬತ್ತರ ಹುಡುಗ. ಕಾಕಾ ಒಂದು ರನ್ ತೆಗೆದು ನಿಂತಿದ್ದರು. ಅವನು "ಬರ್ರಿ ಕಾಕಾ, ಬರ್ರಿ!" ಅಂತ ಅರ್ಧ ಪಿಚ್ ಓಡಿ ಬಂದುಬಿಟ್ಟಿದ್ದ. ಕಾಕಾ ಅವನಿಗೆ ಬೈಯುತ್ತಾ, ಒಂದು ಕೈಯಲ್ಲಿ ಹೆಲ್ಮೆಟ್ ಒತ್ತಿ ಹಿಡಿದುಕೊಂಡು, ಬ್ಯಾಟ್ ಚಾಚಿ ಕ್ರೀಸಿನೊಳಗೆ ಬಿದ್ದರು. ಎದ್ದು ಮೊಣಕೈಯ ಮಣ್ಣು ಒರೆಸಿಕೊಳ್ಳುತ್ತಾ ನನ್ನ ಟೇಬಲ್ ಕಡೆ ತಿರುಗಿ ಎರಡು ಬೆರಳು ತೋರಿಸಿದರು. ನಾನೂ ಕೈ ಎತ್ತಿ, ಬರೆದುಕೊಂಡೆ.